ಅರ್ಧ ಕಡ್ಡಿ

ಮಾಂಕುಬಾಯಿಯ ಎಡಗಿವಿಯ ತಮಟೆ ಹರಿದದ್ದು ಕಾಲು ಕೊಡ ನೀರಿಗೆ. ಸಂತೆಗೆ ಹೊರಡುವ ದಿನ ಅವಳ ಗಂಡ ಜೈತುವಿಗೆ ಸ್ನಾನಕ್ಕೆ ಎರಡು ಕೊಡ ಬೇಕು. ಹಳ್ಳದ ದಂಡೆ ಹತ್ತುವಾಗ ಅವಳ ಕಾಲು ಜಾರಿ ಒಂದು ಕೊಡ ತುಳುಕಿತ್ತು. ಜೈತು ಲಂಗೋಟಿಯಲ್ಲಿ ಕಲ್ಲುಚಪ್ಪಡಿಯ ಮೇಲೆ ಕೂತಿದ್ದವನು ಕೊಡದೊಳಗೆ ಇಣುಕಿ ನೋಡಿದ, ಎದ್ದ, ಕೊಡಕ್ಕೆ ಕಟ್ಟಿದ್ದ ಹಗ್ಗವನ್ನು ನಾಲ್ಕು ಮಡಿಕೆ ಮಾಡಿಕೊಂಡ. ಒದ್ದೆ ಹಗ್ಗ ಒಣ ಹಗ್ಗಕ್ಕಿಂತ ಎರಡರಷ್ಟು ತೂಗುತ್ತದೆ ಎಂಬುದನ್ನು ಮೋದುಗಗೂಡವೆಂಬ ಆ ಕಾಡಹಳ್ಳಿಯ ಹೆಂಗಸರು ಯಾವ ಶಾಲೆಗೂ ಹೋಗದೆ ಕಲಿತಿದ್ದರು. ಮೂರನೆಯ ಏಟಿಗೆ ಕಿವಿಯೊಳಗೆ ಏನೋ ಟಪ್ಪೆಂದಿತು. ಆ ಪಕ್ಕದ ಲೋಕ ಅಲ್ಲಿಗೆ ಸುಮ್ಮನಾಯಿತು. ಅತ್ತೆ ಭೂಮ್‌ಬಾಯಿ ಹೊಸ್ತಿಲ ಮೇಲೆ ಕೂತು ಗಟಕವೆಂಬ ಜೋಳದ ಗಟ್ಟಿ ಗಂಜಿ ತಿನ್ನುತ್ತಿದ್ದಳು. ತಿಂದ ಕೈ ತೊಳೆಯಲು ನೀರಿಲ್ಲವಲ್ಲ ಎಂದು ಅವಳಿಗೂ ಬೇಸರವಾಗಿತ್ತು.

ಜೈತು ಕೆಟ್ಟವನೆಂದು ಗೂಡದಲ್ಲಿ ಯಾರೂ ಹೇಳುತ್ತಿರಲಿಲ್ಲ. ಕುಡಿದು ಹೊಡೆಯುವವರ ನಡುವೆ ಅವನೊಬ್ಬ ಕುಡಿಯದೆ ಹೊಡೆಯುತ್ತಿದ್ದುದರಿಂದ ಅವನಿಗೆ ಶಿಸ್ತಿನ ಮನುಷ್ಯನೆಂಬ ಹೆಸರೇ ಇತ್ತು. ಅವನ ಬಳಿ ನಾಲ್ಕು ಕಾಳಗದ ಹುಂಜಗಳಿದ್ದವು. ಅವು ಸರ್ಕಾರ ಕಟ್ಟಿಸಿಕೊಟ್ಟ ಪಾಯಿಖಾನೆಯಲ್ಲಿ ಸಂಸಾರ ಹೂಡಿದ್ದವು. ಪಾಯಿಖಾನೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮಾಂಕುಬಾಯಿಯ ಹೆಸರಿತ್ತು, ಬಾಗಿಲ ಮೇಲೆ ಜೈತುವಿನ ಬೀಗವಿತ್ತು. ಅವಳು ಉಳಿದ ಹೆಂಗಸರ ಜೊತೆ ಬೆಳಕು ಹರಿಯುವ ಮುಂಚೆ ಬಿದಿರುಮೆಳೆಯ ಹಿಂದಕ್ಕೆ ಹೋಗುತ್ತಿದ್ದಳು; ಆ ಹೊತ್ತು ತಪ್ಪಿದರೆ ಮರುದಿನದ ಮಸುಕಿನವರೆಗೆ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದಳು. ಹಿಪ್ಪೆ ಹೂ ಉದುರುವ ಕಾಲದಲ್ಲಿ ಕರಡಿಯೂ ಅದೇ ಮೆಳೆಗೆ ಅದೇ ಹೊತ್ತಿಗೆ ಬರುತ್ತದೆ. ಹೋದ ವರ್ಷ ರಾಜುಬಾಯಿಯ ಅರ್ಧ ಮುಖ, ಒಂದು ಕಣ್ಣಿನ ಸಮೇತ, ಅದರ ಪಾಲಾಗಿತ್ತು.

ಪ್ರತಿ ಮನೆಯ ಮುಂದೆಯೂ ನಲ್ಲಿಯ ಕಂಬವಿತ್ತು. ಉದ್ಘಾಟನೆಯ ದಿನ ಅದರಲ್ಲಿ ನೀರು ಬಂದದ್ದನ್ನು ಕಣ್ಣಾರೆ ಕಂಡವರಿದ್ದರು. ಈಗ ಅದಕ್ಕೆ ಎಮ್ಮೆ ಕಟ್ಟುತ್ತಿದ್ದರು. ಬೇಸಿಗೆಯ ನೀರೆಂದರೆ ಹಳ್ಳದ ಮರಳಲ್ಲಿ ಸೊಂಟದುದ್ದ ತೋಡಿದ ಮೂರು ಒರತೆ. ಅವುಗಳ ತಳದಲ್ಲಿ ಒಸರುವ ಅಂಗೈ ಆಳದ ನೀರನ್ನು ಸೋರೆಬುರುಡೆಯಲ್ಲಿ ಮೊಗೆದು ಮೊಗೆದು ನಲವತ್ತು ಮನೆಯ ಕೊಡ ತುಂಬಬೇಕು. ಮಾರ್ಚಿನಲ್ಲೇ ಲಚ್ಚುಬಾಯಿ ಸರದಿಯ ಜಗಳದಲ್ಲಿ ಬುರುಡೆಯಿಂದ ಮಾಂಕುವಿನ ಹಣೆ ಒಡೆದಿದ್ದಳು, ಮಾಂಕು ಅವಳ ಮುಂಗೈ ಕಚ್ಚಿ ಮಾಂಸ ಕಿತ್ತಿದ್ದಳು. ಮರುದಿನ ಇಬ್ಬರೂ ಅದೇ ಒರತೆಯ ಬದಿಯಲ್ಲಿ ಕೂತು, ಗಾಯಕ್ಕೆ ಯಾವ ಸೊಪ್ಪು ಒಳ್ಳೆಯದೆಂದು ವಿಚಾರಿಸಿಕೊಂಡರು. ದ್ವೇಷ ಸಾಧಿಸುವಷ್ಟು ಬಿಡುವು ಯಾರಿಗೂ ಇರಲಿಲ್ಲ.

ಇಂಥ ಗೂಡಕ್ಕೆ ಹೈದರಾಬಾದಿನ ಸ್ವರೂಪ ಮೇಡಂ ಜೀಪಿನಲ್ಲಿ ಬಂದಿಳಿದದ್ದು ಅಳೆಯುವುದಕ್ಕೆ. ನೀರು, ಪಾಯಿಖಾನೆ, ಸ್ನಾನ, ಶುಚಿ ಇವುಗಳ ಕಷ್ಟದಲ್ಲಿ ಗಂಡಸಿನ ಪಾಲೆಷ್ಟು, ಹೆಂಗಸಿನ ಪಾಲೆಷ್ಟು ಎಂದು ಅಳೆದು ಬರೆದುಕೊಳ್ಳಬೇಕಂತೆ. ಹೆಂಗಸಿನ ಪಾಲು ಜಾಸ್ತಿ ಅಂತ ಹೇಳೋಕೆ ಅಷ್ಟು ದೂರದಿಂದ ಜೀಪು ಬೇಕಿತ್ತಾ ಎಂದು ರಾಜುಬಾಯಿ ಕೇಳಿದಳು. ಜಾಸ್ತಿ ಅಂದರೆ ಸಾಲದು, ಎಷ್ಟು ಜಾಸ್ತಿ ಅನ್ನೋದು ಬೇಕು ಎಂದಳು ಮೇಡಂ. ಒಳ್ಳೆಯ ಹೆಂಗಸು. ಊರಿನವರು ಕೊಟ್ಟ ಕೆಂಪು ನೀರನ್ನು ಮುಖ ಸಿಂಡರಿಸದೆ ಕುಡಿದಿದ್ದಳು. ಆದರೆ ಅವಳ ಕೈಲಿದ್ದ ಕಾಗದಕ್ಕೆ ಅದರದೇ ಹಟಗಳಿದ್ದವು. ಮನೆಯಲ್ಲಿ ಪಾಯಿಖಾನೆ ಇದೆಯೇ? ಇದೆ. ಯಾರು ಬಳಸುತ್ತಾರೆ? ಹುಂಜ. ಆ ಉತ್ತರಕ್ಕೆ ಕಾಗದದಲ್ಲಿ ಮನೆ ಇರಲಿಲ್ಲ. ಬಯಲಿಗೆ ಹೋಗುವಾಗ ಅಪಾಯವೇನಾದರೂ ಇದೆಯೇ ಎಂದದ್ದಕ್ಕೆ ರಾಜುಬಾಯಿ, ಕರಡಿ ಮತ್ತು ಪಟೇಲರ ತಂಗಿ ಮಗ ಎಂದಳು.

"ಕರಡಿ ಆದ್ರೆ ಹೂವಿನ ಕಾಲದಲ್ಲಿ ಮಾತ್ರ ಕಣಮ್ಮ," ಎಂದು ಸೇರಿಸಿದಳು.

ಪಟೇಲ ಸೀತ್ರು ಕೆಮ್ಮಿದ. ಅವನು ಹುಣಸೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಪಕ್ಕದ ಕಲ್ಲಿನ ಮೇಲೆ ಮೋತಿರಾಮ, ಊರ ಹಿರಿಯ, ಕಣ್ಣು ಮಂಜಾಗಿ ಕಿವಿ ಚುರುಕಾದವನು. ಊರ ಕಟ್ಟಳೆಯೆಲ್ಲ ಅವನ ಬಾಯಲ್ಲಿತ್ತು. ಅವರಿಬ್ಬರೂ ಇರಲೇಬೇಕೆಂದು ಮೇಡಮ್ಮೇ ಕರೆಸಿದ್ದಳು. ಹಿರಿಯರ ಒಪ್ಪಿಗೆಯಿಲ್ಲದೆ ಏನೂ ಕೇಳಬಾರದೆಂದು ಅವಳ ಪುಸ್ತಕ ಹೇಳಿತ್ತು. ಗಂಡಂದಿರು ಹೆಂಡಿರ ಬೆನ್ನ ಹಿಂದೆ ನಿಂತುಕೊಂಡರು. ಅದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ, ಅವರೇ ನಿಂತರು.

ಅಳತೆ ಹೀಗೆ: ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಮನೆ ಬರೆದು, ಒಂದರಲ್ಲಿ ಗಂಡಸಿನ ಚಿತ್ರ, ಒಂದರಲ್ಲಿ ಹೆಂಗಸಿನದು. ಹೆಂಗಸಿನ ಕೈಗೆ ಹತ್ತು ಅವರೆಕಾಳು. ಮನೆಯ ನೀರಿನ ಕೆಲಸವೆಲ್ಲ ಈ ಹತ್ತು ಕಾಳು ಅಂದುಕೊಂಡರೆ ಯಾರ ಪಾಲಿಗೆ ಎಷ್ಟು, ಹಾಕು. ಮೊದಲ ನಾಲ್ವರು ಹೆಂಗಸರು ಗಂಡನ ಮನೆಗೆ ಒಂದೊಂದು ಕಾಳು ಹಾಕಿ ಒಂಬತ್ತನ್ನು ತಮ್ಮ ಕಡೆ ಇಟ್ಟುಕೊಂಡರು. ಲಚ್ಚುಬಾಯಿ ಒಂದನ್ನೂ ಹಾಕದೆ ಸುಮ್ಮನಿದ್ದಾಗ ಪಕ್ಕದವಳು ಪಿಸುಗುಟ್ಟಿದಳು, ಒಂದು ಹಾಕೇ ಪಾಪ, ತಂದ ನೀರನ್ನ ಕುಡಿಯೋ ಕೆಲಸ ಅವನೇ ತಾನೇ ಮಾಡೋದು. ನಗೆ ಎದ್ದಿತು. ಲಚ್ಚುಬಾಯಿ ಭಿಕ್ಷೆ ಹಾಕಿದಂತೆ ಒಂದು ಹಾಕಿದಳು. ಹೀಗೆ ಗೂಡದ ಗಂಡಸರೆಲ್ಲ ಹತ್ತರಲ್ಲಿ ಒಂದು ಪಾಲು ದುಡಿಯುವವರೆಂದು ಕಾಗದಕ್ಕೆ ಏರುತ್ತಿದ್ದಾಗ, ಜೈತುವಿನ ಕಂಕುಳಲ್ಲಿದ್ದ ಕರಿ ಹುಂಜ ಕೊಸರಿಕೊಂಡು ಹಾರಿ, ಸೀಮೆಸುಣ್ಣದ ಎರಡೂ ಮನೆಗೆ ನುಗ್ಗಿ, ಗಂಡು ಹೆಣ್ಣೆಂಬ ಭೇದವಿಲ್ಲದೆ ಹತ್ತೂ ಕಾಳು ನುಂಗಿತು.

ಮೇಡಂ ಸುತ್ತ ನೋಡಿದಳು. ರಾಜುಬಾಯಿಯ ಗೋಡೆಗೊರಗಿದ್ದ ಪೊರಕೆ ಕಣ್ಣಿಗೆ ಬಿತ್ತು. ಅದರಿಂದ ಹತ್ತು ಕಡ್ಡಿ ಹಿರಿದಳು.

ಪಟೇಲ ಕುರ್ಚಿಯಲ್ಲಿ ಮಿಸುಕಿದ. ಗೂಡದಲ್ಲಿ ಸಂಸಾರ ಬಿಡಿಸಲು ಕೋರ್ಟು ಕಚೇರಿ ಬೇಕಿಲ್ಲ. ಹುಣಸೆಮರದ ಕೆಳಗೆ ಪಟೇಲ ಕೂತಿರಬೇಕು, ಹಿರಿಯನೊಬ್ಬ ಸಾಕ್ಷಿಗಿರಬೇಕು, ಗಂಡ ಹೆಂಡತಿ ಎದುರಿಗಿರಬೇಕು. ಒಂದು ಒಣಕಡ್ಡಿ ಮುರಿದರೆ ಮುಗಿಯಿತು. ಹೆಂಡತಿ ಉಟ್ಟ ಬಟ್ಟೆಯಲ್ಲಿ ತವರಿಗೆ ಹೋಗಬಹುದು. ಆಮೇಲೆ ಅವನು ಅವಳ ಮೈ ಮುಟ್ಟಿದರೆ ಅನ್ಯ ಹೆಂಗಸನ್ನು ಮುಟ್ಟಿದ ತಪ್ಪು. ಊರಿಗೆಲ್ಲ ಆಡು ಕೊಯ್ದು ಉಣ್ಣಿಸಬೇಕು. ಮುರಿಯುವವನು ಗಂಡ. ಹೆಂಗಸೂ ಮುರಿಯಬಹುದು ಎಂದು ಹಿರಿಯರು ಹೇಳುತ್ತಿದ್ದರು, ಹೇಗೆಂದು ಕೇಳುವ ಪ್ರಮೇಯ ಯಾರಿಗೂ ಬಂದಿರಲಿಲ್ಲ. ಅದಕ್ಕೇ ಪಟೇಲ ಮೆಲ್ಲಗೆ, ಕಡ್ಡಿ ಇಡೀ ಕಡ್ಡಿಯಾಗೇ ಇರ್ತವೆ ತಾನೇ ಮೇಡಂ ಎಂದು ವಿಚಾರಿಸಿದ. ಇಡೀದೇ, ಒಂದೊಂದು ಒಂದೊಂದು ಪಾಲು ಎಂದಳು ಅವಳು. ಪಟೇಲ ಉಸಿರು ಬಿಟ್ಟ.

ಮಾಂಕುಬಾಯಿಯ ಸರದಿ. ಅವಳು ಹತ್ತೂ ಕಡ್ಡಿಯನ್ನು ಹೆಂಗಸಿನ ಮನೆಯಲ್ಲಿ ಸಾಲಾಗಿ ಜೋಡಿಸಿ ಕೈ ಕಟ್ಟಿಕೊಂಡಳು.

ಹಿಂದಿನಿಂದ ಜೈತುವಿನ ಕಾಲು ಅವಳ ಬೆನ್ನಿಗೆ ತಾಗಿತು. ಒದ್ದದ್ದಲ್ಲ, ನೆನಪು ಮಾಡಿದ್ದು. ತಾನೂ ನೀರು ಹೊರುತ್ತೇನೆ, ಹುಂಜಗಳಿಗೆ ದಿನವೂ ತಾನೇ ತರುವುದು ಎಂದ. ಅದು ನಿಜವಾಗಿತ್ತು. ಹುಂಜದ ನೀರಿನ ವಿಷಯದಲ್ಲಿ ಅವನು ಹೆಂಗಸರನ್ನು ನಂಬುತ್ತಿರಲಿಲ್ಲ. ಮೇಡಂ ಪುಸ್ತಕ ತಿರುವಿದಳು. ಸಾಕುಪ್ರಾಣಿಯ ನೀರೂ ಮನೆಯ ನೀರೇ ಎಂದು ಅದರಲ್ಲಿತ್ತು. ದಿನಕ್ಕೆ ಎಷ್ಟು ಕೊಡ? ಅವನದು ಒಂದು. ಅವಳದು ಹತ್ತೊಂಬತ್ತು. ಮೇಡಮ್ಮಿನ ತುಟಿ ಲೆಕ್ಕಕ್ಕೆ ಅಲ್ಲಾಡಿತು. ಇಪ್ಪತ್ತರಲ್ಲಿ ಒಂದು, ಅಂದರೆ ಹತ್ತರಲ್ಲಿ ಅರ್ಧ.

"ಒಂದು ಕಡ್ಡೀನ ಅರ್ಧಕ್ಕೆ ಮುರಿದು ಅವರ ಕಡೆ ಹಾಕಮ್ಮ."

ಇಡೀದೊಂದನ್ನೇ ಹಾಕಿಸಿಬಿಡಿ ಮೇಡಂ, ನಿಮ್ಮ ಗಂಟೇನು ಹೋಗುತ್ತೆ ಎಂದ ಪಟೇಲ. ಹಾಗೆ ಎಲ್ಲ ಊರಲ್ಲೂ ಅರ್ಧವನ್ನು ಒಂದು ಮಾಡುತ್ತಾ ಹೋದರೆ ಜಿಲ್ಲೆಯ ಗಂಡಸರೆಲ್ಲ ಇದ್ದದ್ದರ ಎರಡು ಪಟ್ಟು ನೀರು ಹೊತ್ತಂತಾಗುತ್ತದೆ, ತಪ್ಪು ಹೀಗೇ ಹುಟ್ಟುವುದು ಎಂದು ಮೇಡಂ ನಗುನಗುತ್ತಾ ತಿಳಿಹೇಳಿದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಊರಿನಲ್ಲಿ ಅಂದು ಏನು ನಡೆಯುತ್ತಿದೆಯೆಂದು ಗೊತ್ತಿಲ್ಲದವಳು ಅವಳೊಬ್ಬಳೇ, ಮತ್ತೆ ಹುಂಜ.

ಮಾಂಕುಬಾಯಿ ಒಂದು ಕಡ್ಡಿ ಎತ್ತಿಕೊಂಡಳು. ಹಗುರವಾಗಿತ್ತು. ಎಡಗಿವಿಯಲ್ಲಿ ಏನೂ ಇರಲಿಲ್ಲ. ಬಲಗಿವಿಯಲ್ಲಿ ಜೈತುವಿನ ಉಸಿರು ಹತ್ತಿರವಾಗುತ್ತಿತ್ತು. ಈಗ ಇಡೀ ಕಡ್ಡಿಯನ್ನು ಆ ಕಡೆ ಸರಿಸಿದರೆ ಸಂಜೆ ಏಟು ಕಡಿಮೆ. ಮುರಿದರೆ ಸಂಜೆ ಇದೆಯೋ ಇಲ್ಲವೋ. ಅವಳಿಗೆ ಯೋಚನೆ ಬಂದದ್ದು ಅಷ್ಟೇ, ಅದೂ ಪೂರ್ತಿ ಬರುವುದಕ್ಕೆ ಮುಂಚೆ ಬೆರಳು ಕಡ್ಡಿಯನ್ನು ಮುರಿದಾಗಿತ್ತು. ಸದ್ದು ಸಣ್ಣದು. ಮೋತಿರಾಮ ತಲೆ ಎತ್ತಿದ.

ಮೊದಲ ಒದೆ ಅವಳ ಪಕ್ಕೆಗೆ ಬಿತ್ತು, ಎರಡನೆಯದು ಮುಖಕ್ಕೆ. ಮೂಗಿನ ಮೂಳೆ ಮುರಿದು ರಕ್ತ ಸೀಮೆಸುಣ್ಣದ ಗಂಡಸಿನ ಮೇಲೆ ಹನಿಯಿತು. ಜೈತು ಅವಳ ತುರುಬು ಹಿಡಿದು ಪಟೇಲನ ಕುರ್ಚಿಯ ಸುತ್ತ ಎಳೆದ. ಕುರ್ಚಿಯ ಕಾಲು ಅವಳ ತಲೆಗೆ ತಗುಲಿ ಪಟೇಲ ಕೂತಲ್ಲೇ ವಾಲಿದ. ಮೇಡಂ ಬಿಡು ಬಿಡು ಎನ್ನುತ್ತಾ ನಡುವೆ ಬಂದಳು; ಅವಳ ಬಾಯಿಗೆ ಮೊಣಕೈ ಬಡಿದು ತುಟಿ ಸೀಳಿತು, ಕನ್ನಡಕ ಬಿದ್ದು ಅವನ ಹಿಮ್ಮಡಿಯಡಿ ಪುಡಿಯಾಯಿತು. ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದಳು. ಫೋನು ಮಾಡಬಹುದಾದ ಗುಡ್ಡ ಅಲ್ಲಿಂದ ಎರಡು ಮೈಲಿ.

ಉಳಿದ ಗಂಡಸರು ಕೈಕಟ್ಟಿ ನಿಂತಿದ್ದರು. ಹೇಡಿತನವೆಂದರೆ ಪೂರಾ ಸರಿಯಾಗದು. ಅವರು ತೀರ್ಪಿಗೆ ಕಾಯುತ್ತಿದ್ದರು. ಅವಳು ಇನ್ನೂ ಅವನ ಹೆಂಡತಿಯಾದರೆ ನಡುವೆ ಬರುವುದು ತಪ್ಪು. ಅಲ್ಲವಾದರೆ ಬಾರದಿರುವುದು ತಪ್ಪು. ಪಟೇಲ ಕುರ್ಚಿ ಸರಿಮಾಡಿಕೊಂಡು ಮೋತಿರಾಮನನ್ನು ಕೇಳಿದ. ಮೋತಿರಾಮ ಅವಸರದ ಮನುಷ್ಯನಲ್ಲ. ಕಡ್ಡಿ ಎಂಥದು ಎಂದು ವಿಚಾರಿಸಿದ. ಪೊರಕೆಯದು. ಸೂರಿನ ಹುಲ್ಲಾಗಿದ್ದರೆ ಶ್ರೇಷ್ಠ, ಆದರೂ ಒಣಗಿದ್ದರೆ ನಡೆಯುತ್ತದೆ. ಯಾರು ಮುರಿದದ್ದು? ಅವಳು. ಬಲಗೈಯೋ ಎಡಗೈಯೋ? ಎರಡೂ. ಆ ಹೊತ್ತಿಗೆ ಜೈತು ಅವಳ ಎದೆಯ ಮೇಲೆ ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಮುಖಕ್ಕೆ ಗುದ್ದುತ್ತಿದ್ದ.

"ಹೆಂಗಸು ಮುರಿದ್ರೆ ಅರ್ಧ ಬಿಟ್ಟಂಗೆ," ಎಂದ ಮೋತಿರಾಮ. "ಗಂಡ ತನ್ನ ಕೈಯಾರೆ ಮುರಿಯೋ ತನಕ ಅವಳು ಅವನ ಹೆಂಡ್ತೀನೇ."

ಹಾಗಾದರೆ ನಾವೇನೂ ಮಾಡಂಗಿಲ್ಲ ಎಂದ ಪಟೇಲ, ವ್ಯಸನದಿಂದ.

ಆ ಮಾತು ಮಾಂಕುವಿನ ಬಲಗಿವಿಗೆ ಬಿತ್ತು. ಅರ್ಧ ದಾಟಿದ ಹೊಳೆಯಲ್ಲಿ ನಿಂತವಳ ಹಾಗಾಗಿತ್ತು ಅವಳ ಪಾಡು. ಈಗ ಸತ್ತರೆ ಅವನ ಹೆಂಡತಿಯಾಗಿಯೇ ಸಾಯಬೇಕು. ಬಾಯಲ್ಲಿ ತುಂಬಿದ ರಕ್ತ, ಒಂದು ಹಲ್ಲು ಉಗಿದು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಮುರಿಯೋ ಕೆಲಸಾನೂ ನಾನೇ ಮಾಡ್ಬೇಕೇನೋ? ಹತ್ತಕ್ಕೆ ಹತ್ತೂ ನಂದೇನಾ? ಒಂದು ಪೊರಕೆಕಡ್ಡಿ ಮುರಿಯೋ ತಾಕತ್ತಿಲ್ಲ, ಇವನು ಹುಂಜ ಸಾಕ್ತಾನಂತೆ."

ಹೆಂಗಸರ ನಡುವೆ ಯಾರೋ ಕಿಸಕ್ಕೆಂದರು. ಗುದ್ದನ್ನು ತಡೆಯಬಹುದು, ಆ ಕಿಸಕ್ಕನ್ನು ತಡೆಯಲಾಗದು. ಜೈತು ಎದ್ದ. ನೆಲದಲ್ಲಿ ಸಾಲಾಗಿ ಬಿದ್ದಿದ್ದ ಒಂಬತ್ತು ಕಡ್ಡಿಯನ್ನು ಬಾಚಿ ಹಿಡಿದು ಕಟಕಟನೆ ಮುರಿದ. ಮುರಿದದ್ದನ್ನು ಮತ್ತೆ ಮುರಿದ, ಅವಳ ಮುಖದ ಮೇಲೆ ಎಸೆದ. ತಗೋ ಎಂದ.

"ಆಯ್ತು," ಎಂದ ಮೋತಿರಾಮ. "ಒಂದು ಸಾಕಾಗಿತ್ತು."

ಏನಾಯಿತೆಂದು ಜೈತುವಿಗೆ ಹೊಳೆಯುವ ಮುಂಚೆ ನಾಲ್ಕು ಜನ ಅವನ ರಟ್ಟೆ ಹಿಡಿದಾಗಿತ್ತು. ಅಷ್ಟು ಹೊತ್ತು ಕಂಬದಂತೆ ನಿಂತವರ ಕೈಗೆ ಕಟ್ಟಳೆ ಜೀವ ಕೊಟ್ಟಿತ್ತು. ಇನ್ನು ಮುಟ್ಟಿದರೆ ಆಡು ಎಂದು ಪಟೇಲ ಸಾರಿದ. ಮೇಡಂ ತುಟಿಗೆ ಸೆರಗೊತ್ತಿಕೊಂಡು ಕಾಗದ ತೆಗೆದಳು. ಮಾಂಕುವಿನ ಮನೆಯ ಸಾಲಿನಲ್ಲಿ ಒಂಬತ್ತೂವರೆ ಎಂದು ಬರೆದು ತುಸು ಹೊತ್ತು ನೋಡಿದಳು, ಆಮೇಲೆ ಅಡ್ಡಗೆರೆ ಎಳೆದಳು. ಗಂಡ ಹೆಂಡತಿ ಇಬ್ಬರೂ ಇರುವ ಮನೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕಿತ್ತು, ಇದು ಕೇಳುತ್ತ ಕೇಳುತ್ತಲೇ ಇಲ್ಲವಾದ ಮನೆ. ಬಾ, ಜೀಪಿನಲ್ಲಿ ಆಸ್ಪತ್ರೆಗೆ ಬಿಡುತ್ತೇನೆ ಎಂದು ಮಾಂಕುವನ್ನು ಕರೆದಳು. ಮಾಂಕು ತಲೆಯಾಡಿಸಿದಳು. ತವರಿಗೆ ನಡೆದೇ ಹೋಗಬೇಕು, ಹಳ್ಳ ದಾಟಿಯೇ ಹೋಗಬೇಕು. ಬೇರೆಯವರ ಗಾಡಿ ಹತ್ತಿದರೆ ಓಡಿಹೋದಳೆನ್ನುತ್ತಾರೆ, ಬಿಟ್ಟುಹೋದಳೆನ್ನುವುದಿಲ್ಲ.

ಹೆಂಗಸರು ಆಗಲೇ ಕೊಡ ಹಿಡಿದು ಹಳ್ಳಕ್ಕೆ ಓಡಿದ್ದರು. ಅಳತೆಗೆ ಕೂತು ಅರ್ಧ ದಿನದ ನೀರು ತಪ್ಪಿತ್ತು. ಮಾಂಕು ಪಕ್ಕೆ ಹಿಡಿದುಕೊಂಡು, ನಿಂತು ನಿಂತು, ದಂಡೆ ಇಳಿದಾಗ ಒರತೆಗಳ ಸುತ್ತ ಹದಿನೈದು ಇಪ್ಪತ್ತು ಜನ ಕೂತಿದ್ದರು. ಲಚ್ಚುಬಾಯಿ ಮೊಗೆಯುತ್ತಿದ್ದಳು. ಯಾರೂ ಮಾತಾಡಿಸಲಿಲ್ಲ. ಆ ಊರಲ್ಲಿ ತಾನೇ ಕಡ್ಡಿ ಮುರಿದ ಹೆಂಗಸಿನ ಜೊತೆ ಮಾತಾಡಿ ಅಭ್ಯಾಸವಿರಲಿಲ್ಲ.

ಜೈತು ಕೈ ಬಿಡಿಸಿಕೊಂಡು ಬಂದಿದ್ದ. ಆಡು ಕೊಯ್ದು ಹಾಕ್ತೀನಿ ಬಿಡ್ರೋ ಎಂದು ಒಪ್ಪಿಕೊಂಡೇ ಬಂದನೆಂದು ಆಮೇಲೆ ತಿಳಿಯಿತು. ಬೆಲೆ ಒಪ್ಪಿದವನನ್ನು ಹಿಡಿದಿಡಲು ಕಟ್ಟಳೆಯಲ್ಲಿ ದಾರಿ ಇರಲಿಲ್ಲ. ಬೊಂಬಿನ ಪೊದೆಯಿಂದ ಹಾರಿ ಅವಳ ಕತ್ತಿನ ಹಿಂಭಾಗ ಹಿಡಿದ, ಒರತೆಯವರೆಗೆ ದೂಡಿಕೊಂಡು ಬಂದ, ಲಚ್ಚುಬಾಯಿಯನ್ನು ಪಕ್ಕಕ್ಕೆ ತಳ್ಳಿ, ಮಾಂಕುವನ್ನು ತಲೆಕೆಳಗಾಗಿ ಗುಂಡಿಗೆ ಅದುಮಿದ. ಅಂಗೈ ಆಳದ ನೀರು ಮುಖಕ್ಕೆ ಸಾಕು. ಅವಳ ಮೂಗು ಬಾಯಿಗೆ ಮರಳು ತುಂಬಿತು. ಬಲಗಿವಿಗೂ ನೀರು ನುಗ್ಗಿ ಎರಡೂ ಕಡೆಯ ಲೋಕ ಒಟ್ಟಿಗೆ ನಿಂತುಹೋಯಿತು. ಕಾಲು ಬಡಿದಳು. ಕೈಗೆ ಏನೂ ಸಿಗಲಿಲ್ಲ.

ಹೆಂಗಸರು ಕೂತಲ್ಲೇ ನೋಡುತ್ತಿದ್ದರು. ಅವನು ಅವಳನ್ನು ಹೊಡೆಯುವುದನ್ನು ಅವರು ವರ್ಷಾನುಗಟ್ಟಲೆ ನೋಡಿದ್ದರು. ಇವತ್ತಿನಿಂದ ಅದು ಬೇರೆ ಎಂಬುದು ಕಿವಿಗೆ ಗೊತ್ತಿತ್ತು, ಕೈಗೆ ಇನ್ನೂ ಗೊತ್ತಾಗಿರಲಿಲ್ಲ. ಆಗ ಜೈತು ಬಲ ಸಾಲದೆ ಗುಂಡಿಯೊಳಕ್ಕೆ ಕಾಲಿಟ್ಟ. ಒಂದು ಕಾಲು, ಆಮೇಲೆ ಇನ್ನೊಂದು, ಚಪ್ಪಲಿಯ ಸಮೇತ.

ಒರತೆಗೆ ಕಾಲಿಡುವುದೆಂದರೆ ಏನೆಂದು ದಿನಕ್ಕೆ ಹುಂಜದ ಒಂದೇ ಕೊಡ ಹೊರುವವನಿಗೆ ಗೊತ್ತಿರುವುದಿಲ್ಲ. ಹೆರಿಗೆಯ ಮರುವಾರ ಬಂದ ಬಾಣಂತಿ ಕೂಡ ಹೊಟ್ಟೆಯ ಮೇಲೆ ಮಲಗಿ ಮೊಗೆಯುತ್ತಾಳೆಯೇ ಹೊರತು ಒಳಗೆ ಇಳಿಯುವುದಿಲ್ಲ. ಒಂದು ಸಲ ಕದಡಿದರೆ ಸಂಜೆವರೆಗೆ ತಿಳಿಯಾಗದು.

"ಕಾಲು ತೆಗಿಯೋ," ಎಂದಳು ಲಚ್ಚುಬಾಯಿ.

ಅವನು ತೆಗೆಯಲಿಲ್ಲ. ಅವಳು ಮುಕ್ಕಾಲು ತುಂಬಿದ್ದ ಹಿತ್ತಾಳೆ ಕೊಡವನ್ನು ಎರಡು ಕೈಯಲ್ಲಿ ಎತ್ತಿ ಅವನ ಹೆಗಲಿಗೆ ಇಳಿಸಿದಳು. ಹೆಗಲ ಮೂಳೆ ಮುರಿದ ಸದ್ದು ಕಡ್ಡಿಯ ಸದ್ದಿನಷ್ಟು ಸಣ್ಣದಾಗಿರಲಿಲ್ಲ. ಚೆಲ್ಲಿದ ನೀರು ನೋಡಿ ಅವಳ ಸಿಟ್ಟು ಇನ್ನೂ ಏರಿ ಖಾಲಿ ಕೊಡದಲ್ಲಿ ಮತ್ತೊಮ್ಮೆ ಬಡಿದಳು. ಆಮೇಲೆ ಎಲ್ಲರೂ ಎದ್ದರು. ಸ್ಟೀಲ್ ಕೊಡ, ಬುರುಡೆ, ಒದ್ದೆ ಹಗ್ಗ, ಮರಳಲ್ಲಿ ಸಿಕ್ಕಿದ ಉರುಟುಕಲ್ಲು. ರಾಜುಬಾಯಿಗೆ ಒಂದೇ ಕಣ್ಣಿದ್ದರೂ ಅವಳ ಕಲ್ಲು ಒಂದೂ ಗುರಿ ತಪ್ಪಲಿಲ್ಲ. ಬೈಗುಳ ಹೆಚ್ಚಿರಲಿಲ್ಲ, ಬಟ್ಟೆ ಒಗೆಯುವಾಗಿನಂತೆ ಒಂದು ಲಯ ಬಂದುಬಿಟ್ಟಿತ್ತು. ಅವನು ತೆವಳಿಕೊಂಡು ಮರಳ ಮೇಲೆ ಬಂದು ಬಿದ್ದಾಗ ಬಲಗೈ ಮೂರು ಕಡೆ ಮುರಿದಿತ್ತು, ತಲೆಯ ಚರ್ಮ ಕಿವಿಯ ಮೇಲೆ ಜೋತುಬಿದ್ದಿತ್ತು. ಸತ್ತಿರಲಿಲ್ಲ. ಸಾಯುವಷ್ಟು ಹೊಡೆಯಲು ಹೊತ್ತಿರಲಿಲ್ಲ, ನೀರು ತಿಳಿಯಾಗಬೇಕಿತ್ತು.

ಮಾಂಕುವನ್ನು ಯಾರೋ ಕಾಲು ಹಿಡಿದು ಎಳೆದು ಹೊರಗೆ ಹಾಕಿದರು. ಅವಳು ಮರಳು, ರಕ್ತ, ನೀರು ವಾಂತಿ ಮಾಡಿಕೊಂಡಳು. ಉಸಿರು ಬಂತು. ಹೇಗಿದ್ದೀ ಎಂದು ಯಾರೂ ಕೇಳಲಿಲ್ಲ. ಲಚ್ಚುಬಾಯಿ ಮಾತ್ರ ಕದಡಿದ ಕೆಸರನ್ನು ಬುರುಡೆಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಾ, ಎದ್ದು ಹೋಗೇ ಇನ್ನು, ಬಿಸಿಲು ಇಳಿಯೋದ್ರೊಳಗೆ ಗುಡ್ಡ ದಾಟು ಎಂದಳು.

ಜೈತು ನೀರು ಕೇಳುತ್ತಿದ್ದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೆ ನೀರು ಕೊಡುವುದು ಯಾರ ಕೆಲಸವೆಂದು ಈಗ ಯಾರಿಗೂ ಸ್ಪಷ್ಟವಿರಲಿಲ್ಲ. ಅಷ್ಟರಲ್ಲಿ ದಂಡೆಯ ಮೇಲೆ ಭೂಮ್‌ಬಾಯಿ ಕಾಣಿಸಿದಳು. ಸೊಸೆ ಬಂದಂದಿನಿಂದ ಹಳ್ಳ ಇಳಿಯದಿದ್ದವಳು ಕೊಡವನ್ನು ಸೊಂಟಕ್ಕಿಟ್ಟುಕೊಂಡು, ಕುಂಡೆಯ ಮೇಲೆ ಜಾರುತ್ತಾ ಇಳಿದಳು. ಬಿದ್ದಿದ್ದ ಮಗನನ್ನು ನೋಡಿದಳು, ಎದ್ದು ನಿಂತಿದ್ದ ಮಾಂಕುವನ್ನು ನೋಡಿದಳು.

"ಕೊನೇಲಿ ಯಾರಿದೀರಿ?" ಎಂದು ಕೇಳಿದಳು.

ರಾಜುಬಾಯಿ ತನ್ನ ಹಿಂದಿನ ಜಾಗ ತೋರಿಸಿದಳು. ಮುದುಕಿ ಕೂತಳು. ಅವಳ ಮುಂದೆ ಹತ್ತೊಂಬತ್ತು ಕೊಡಗಳಿದ್ದವು.

ಮಾಂಕುಬಾಯಿ ಆಚೆ ದಂಡೆ ಹತ್ತತೊಡಗಿದಳು. ಏರು ಕಡಿದಾಗಿತ್ತು, ಪಕ್ಕೆ ಚುಚ್ಚುತ್ತಿತ್ತು. ಅರ್ಧ ಏರಿದ ಮೇಲೆ ಕಾಲ ಕೆಳಗಿನ ಕಲ್ಲು ಅಲುಗಿತು. ತಟಕ್ಕನೆ ಬಲಗೈ ಕೊಡವನ್ನು ಹಿಡಿಯಲು ತಲೆಯ ಮೇಲಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಅದರಿಂದ ಮೂಗಿನ ರಕ್ತ ಒರೆಸಿಕೊಂಡು, ಮತ್ತೆ ಹತ್ತಿದಳು.